ಘಟ್ಟದ ಹುಂಜ, ಸಾಲವನದ ಹುಂಜ

ಹಿತ್ತಿಲಲ್ಲಿ ಮಣ್ಣು ಕೆದಕುತ್ತ ತಿರುಗುವ ಊರಕೋಳಿಯ ಪೂರ್ವಿಕರು ಯಾರೆಂಬ ಪ್ರಶ್ನೆಯನ್ನು ಹಿಡಿದು ಭಾರತದ ಅರಣ್ಯಗಳನ್ನು ಹೊಕ್ಕವನಿಗೆ ಎರಡು ಕಾಡುಕೋಳಿಗಳು ಎದುರಾಗುತ್ತವೆ. ಒಂದು, ಹಿಮಾಲಯದ ತಪ್ಪಲಿನ ಸಾಲವೃಕ್ಷಗಳ ನೆರಳಿನಿಂದ ಮೊದಲುಗೊಂಡು ಬರ್ಮಾ, ಥಾಯ್ಲೆಂಡ್, ಮಲಯ, ಜಾವಾಗಳವರೆಗೆ ಹಬ್ಬಿರುವ ಕೆಂಪು ಕಾಡುಕೋಳಿ; ಇನ್ನೊಂದು, ಭಾರತವನ್ನು ಬಿಟ್ಟು ಬೇರೆಲ್ಲಿಯೂ ಸಹಜವಾಗಿ ನೆಲೆಸದೆ, ಮುಖ್ಯವಾಗಿ ಪರ್ಯಾಯದ್ವೀಪದ ಕಾಡುಗಳನ್ನೇ ತವರಾಗಿಸಿಕೊಂಡಿರುವ ಬೂದು ಕಾಡುಕೋಳಿ. ಗೋದಾವರಿಯ ಆಸುಪಾಸಿನಲ್ಲಿ ಇವೆರಡರ ಸೀಮೆಗಳು ಸಂಧಿಸುತ್ತವೆ. ಅಲ್ಲಿ ಒಮ್ಮೊಮ್ಮೆ ಸಂಕರ ಸಂತಾನವೂ ಕಾಣಬರುವುದುಂಟು.

ಕೆಂಪು ಹುಂಜ ನಮಗೆ ಅಪರಿಚಿತವೇನೂ ಅಲ್ಲ. ಹೊಂಬಣ್ಣದ ಕೊರಳು, ಹಸುರು ಮಿಂಚುವ ಕಪ್ಪು ಬಾಲ, ಬಾಲದ ಬುಡದಲ್ಲಿ ಬಿಳಿಯ ತುಪ್ಪಳ, ಬೂದುಗಪ್ಪು ಕಾಲುಗಳು, ಇವಿಷ್ಟರಿಂದ ಅದನ್ನು ಗುರುತಿಸಬಹುದು. ಆದರೆ ಬಂಡೀಪುರದಲ್ಲಿಯೋ ಕೊಡಗಿನ ಕಾಡುದಾರಿಯಲ್ಲಿಯೋ ಮುಂಜಾನೆ ಹೊರಬರುವ ಬೂದು ಹುಂಜದ ಕೊರಳನ್ನು ಹತ್ತಿರದಿಂದ ಕಂಡವನು ಅಷ್ಟು ಸುಲಭವಾಗಿ ಮುಂದೆ ಸಾಗಲಾರ. ಅಲ್ಲಿನ ಒಂದೊಂದು ಗರಿಯ ನಡುದಂಟೂ ಅಲ್ಲಲ್ಲಿ ಅಗಲಗೊಂಡು, ಚಪ್ಪಟೆಯಾಗಿ, ಮೇಣದ ಹನಿ ಬಿದ್ದು ಗಟ್ಟಿಯಾದಂತೆ ಬಿಳಿ ಹಳದಿಯ ನಯವಾದ ಬೊಟ್ಟುಗಳನ್ನು ತಳೆಯುತ್ತದೆ. ಈ ಸೌಂದರ್ಯವೇ ಅದಕ್ಕೆ ಮೃತ್ಯುವಾಯಿತೆಂದು ಹೇಳಲು ವ್ಯಥೆಯಾಗುತ್ತದೆ: ಬ್ರಿಟನ್ನಿನಲ್ಲಿ ಸಾಲ್ಮನ್ ಮೀನು ಹಿಡಿಯುವವರು ಗಾಳಕ್ಕೆ ಕಟ್ಟುವ ಕೃತಕ ಕೀಟಗಳಿಗೆ ಈ ಗರಿಯನ್ನೇ ಬಯಸಿದ್ದರಿಂದ, ಅದರ ರಫ್ತು ನಿಷಿದ್ಧವಾಗುವ ಪರ್ಯಂತ ನಮ್ಮ ಹುಂಜಗಳ ಕೊರಳು ಹಡಗನ್ನೇರುತ್ತಿತ್ತು. ಹೇಟೆಗಳಲ್ಲಿಯೂ ಭೇದವುಂಟು, ಕೆಂಪಿನದು ಬಹುಮಟ್ಟಿಗೆ ಕಂದು, ಬೂದಿನದಕ್ಕೆ ಬಿಳಿಯ ಎದೆಯ ಮೇಲೆ ಕಪ್ಪು ಅಂಚಿನ ಚಿತ್ತಾರ.

ಕಣ್ಣಿಗಿಂತ ಮೊದಲು ಕಿವಿಯೇ ಇವನ್ನು ಬೇರ್ಪಡಿಸಬಲ್ಲದು. ಕೆಂಪು ಹುಂಜ ಊರಹುಂಜದಂತೆಯೇ ಕೂಗಿ, ಕೊನೆಯ ಸ್ವರವನ್ನು ಮಾತ್ರ ಥಟ್ಟನೆ ತುಂಡರಿಸುತ್ತದೆ. ಬೂದು ಹುಂಜದ್ದು ಬಿಡಿಬಿಡಿಯಾಗಿ ಒಡೆದು ಬರುವ ಒರಟು ಧ್ವನಿ. ಬಿದಿರು ಹೂಬಿಟ್ಟು ಅಕ್ಕಿಯಾದಾಗ, ಗುರಿಗೆಯ ಪೊದೆಗಳು ಬೀಜಗಟ್ಟಿದಾಗ, ಬೂದು ಕೋಳಿಗಳು ಎಲ್ಲೆಲ್ಲಿಂದಲೋ ಬಂದು ಅಲ್ಲಿ ನೆರೆಯುತ್ತವೆ.

ಮೂಲಪ್ರಶ್ನೆಯ ವಿಚಾರದಲ್ಲಿ ವಿದ್ವಾಂಸರ ಅಭಿಪ್ರಾಯ ಬಹುಕಾಲ ತೂಗಾಡಿತು. ಹದಿನೆಂಟನೆಯ ಶತಮಾನದಲ್ಲಿ ಭಾರತಕ್ಕೆ ಬಂದಿದ್ದ ಫ್ರೆಂಚ್ ಪ್ರವಾಸಿ ಸೊನ್ನೆರಾ, ಬೂದು ಕೋಳಿಯ ವೈಜ್ಞಾನಿಕ ನಾಮದಲ್ಲಿ ಇಂದಿಗೂ ಉಳಿದಿರುವಾತ, ಅದನ್ನೇ ಊರಕೋಳಿಯ ಪೂರ್ವಜನೆಂದು ಬಗೆದಿದ್ದನು. ಡಾರ್ವಿನ್ನನು 1868ರ ತನ್ನ ಗ್ರಂಥದಲ್ಲಿ ಗರಿ, ಧ್ವನಿ, ಸಂಕರಗಳ ಬಂಜೆತನ ಇವುಗಳನ್ನೆಲ್ಲ ತೂಗಿನೋಡಿ ಆ ಸ್ಥಾನವನ್ನು ಕೆಂಪು ಕೋಳಿಯೊಂದಕ್ಕೇ ಸಲ್ಲಿಸಿದನು. ಮುಖ್ಯಾಂಶದಲ್ಲಿ ಅವನ ನಿರ್ಣಯವೇ ನಿಂತಿದೆ. ಆದರೆ 2008ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆಯಿಂದ, ಅನೇಕ ಸಾಕುಕೋಳಿಗಳ ಹಳದಿ ಚರ್ಮ ಮತ್ತು ಹಳದಿ ಕಾಲುಗಳಿಗೆ ಕಾರಣವಾದ ಅಂಶವು ಬಹುಶಃ ಬೂದು ಕೋಳಿಯಿಂದಲೇ ಬಂದದ್ದೆಂದು ತಿಳಿದುಬಂತು. ಕೆಂಪು ಕೋಳಿಯ ಚರ್ಮದಲ್ಲಿ, ಆಹಾರದ ಮೂಲಕ ಬರುವ ಕ್ಯಾರೊಟಿನಾಯ್ಡ್ ವರ್ಣದ್ರವ್ಯಗಳನ್ನು ಒಂದು ಕಿಣ್ವ ಒಡೆದುಹಾಕುತ್ತದೆ. ಬೂದು ಕೋಳಿಯಿಂದ ಬಂದ ವಂಶವಾಹಿ ಇದ್ದಲ್ಲಿ ಆ ಕಿಣ್ವ ಚರ್ಮದಲ್ಲಿ ಮಂದವಾಗುವುದರಿಂದ, ಜೋಳದ ಹಾಗೂ ಸೊಪ್ಪಿನ ಹಳದಿ ಅಲ್ಲಿಯೇ ನೆಲೆನಿಲ್ಲುತ್ತದೆ.

ಈಗ ರಕ್ತ ಹರಿಯುತ್ತಿರುವುದು ವಿರುದ್ಧ ದಿಕ್ಕಿನಲ್ಲಿ, ಊರಿನಿಂದ ಕಾಡಿಗೆ. ಕಾಡಂಚಿನಲ್ಲಿ ಮೇಯುವ ಸಾಕುಕೋಳಿಗಳೊಡನೆ ಸುಲಭವಾಗಿ ಬೆರೆಯುವ ಕೆಂಪು ಕೋಳಿಯ ವನ್ಯಕುಲ ಕಲಬೆರಕೆಯಾಗುತ್ತಿದೆಯೆಂಬುದು ನಿಜವಾದ ಆತಂಕ. ವನ್ಯ ಹುಂಜವು ಸಂತಾನಕಾಲ ಮುಗಿದೊಡನೆ ಕೊರಳಿನ ಹೊಂಗರಿಗಳನ್ನುದುರಿಸಿ, ಕೆಲಕಾಲ ಗಿಡ್ಡನೆಯ ಕಪ್ಪುಗರಿಗಳನ್ನು ತೊಟ್ಟು, ಜುಟ್ಟನ್ನೂ ಕುಗ್ಗಿಸಿಕೊಂಡು ಮರೆಯಲ್ಲಿರುತ್ತದೆ. ಊರಹುಂಜಕ್ಕೆ ಈ ವೇಷಾಂತರವಿಲ್ಲ. ಹೀಗಾಗಿ ಹುಂಜವೊಂದು ಅಪ್ಪಟ ಕಾಡಿನದೇ ಎಂಬುದನ್ನು ನಿಶ್ಚಯಿಸಬೇಕಾದಾಗ ಪಕ್ಷಿಶಾಸ್ತ್ರಜ್ಞರು ಅದು ಮೆರೆಯುವ ಋತುವಿಗಿಂತ ಹೆಚ್ಚಾಗಿ ಈ ಮಂಕು ಋತುವಿನ ಗರಿಗಳನ್ನೇ ಪರೀಕ್ಷಿಸುತ್ತಾರೆ.