ಹಾರ್ಡ್ ಡಿಸ್ಕ್ ತಿರುಗುತ್ತಿಲ್ಲವೇ? ಮೊದಲು ಕರೆಂಟ್ ನೋಡಿ

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಿರುಗದಿದ್ದರೆ ಡಿಸ್ಕೇ ಹೋಯಿತು ಎಂದು ತೀರ್ಮಾನಿಸಬೇಡಿ. ಮೊದಲು ಅನುಮಾನಿಸಬೇಕಾದದ್ದು ಕರೆಂಟನ್ನು. ಲೈಟ್ ಉರಿಯುತ್ತಿದೆಯಲ್ಲ ಅಂತೀರಾ? ಆ ಪುಟ್ಟ ಎಲ್‌ಇಡಿಗೆ ಕೆಲವೇ ಮಿಲಿಆಂಪಿಯರ್ ಸಾಕು. ಆದರೆ ನಿಂತ ತಟ್ಟೆಗಳನ್ನು ತಿರುಗಿಸಲು ಎರಡೂವರೆ ಇಂಚಿನ ಡ್ರೈವಿಗೆ ಆರಂಭದಲ್ಲಿ ಸುಮಾರು 1 ಆಂಪಿಯರ್ ಬೇಕಾಗಬಹುದು. ನಿಯಮದ ಪ್ರಕಾರ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, 3.0 ಆದರೆ 900. ಹಾಗಾಗಿ ಹಬ್ ಬಿಡಿ, ಗಿಡ್ಡ ಕೇಬಲ್‌ನಿಂದ ಕಂಪ್ಯೂಟರಿನ ಪೋರ್ಟಿಗೇ ನೇರ ಜೋಡಿಸಿ. ಮೂರೂವರೆ ಇಂಚಿನ ಡ್ರೈವಾದರೆ ಅದೇ ವೋಲ್ಟೇಜಿನ, ಸಾಮಾನ್ಯವಾಗಿ 12 ವೋಲ್ಟಿನ, ಬೇರೆ ಅಡಾಪ್ಟರ್ ಹಾಕಿ ನೋಡಿ. ಆಂಪಿಯರ್ ಮಾತ್ರ ಕಡಿಮೆ ಇರಬಾರದು.

ಆಗಲೂ ಸದ್ದಿಲ್ಲದಿದ್ದರೆ ಡಬ್ಬಿಯೊಳಗಿನ ಯುಎಸ್‌ಬಿ ಬೋರ್ಡ್ ಕೆಟ್ಟಿರಬಹುದು. ಒಳಗಿನ ಡ್ರೈವಿಗೆ ಸಾಟಾ ಕನೆಕ್ಟರ್ ಇದ್ದರೆ ಬೇರೆ ಡಾಕ್‌ನಲ್ಲಿ ಪರೀಕ್ಷಿಸಬಹುದು. ಫ್ರಿಜ್‌ನಲ್ಲಿಡಿ, ತಟ್ಟಿ ನೋಡಿ ಎನ್ನುವವರಿದ್ದಾರೆ. ಅದರಿಂದ ಒಮ್ಮೊಮ್ಮೆ ತಿರುಗಲೂಬಹುದು. ಆದರೆ ಕಚ್ಚಿಕೊಂಡ ಹೆಡ್ ತಟ್ಟೆಯನ್ನು ಗೀರಿದರೆ ಅಲ್ಲಿದ್ದ ಡೇಟಾ ಶಾಶ್ವತವಾಗಿ ಹೋಯಿತು. ಆದ್ದರಿಂದ ಸಾಕಷ್ಟು ಕರೆಂಟ್ ಕೊಟ್ಟರೂ ಕಟಕಟ ಸದ್ದೋ ಬೀಪೋ ಬಂದರೆ ತಕ್ಷಣ ಆಫ್ ಮಾಡಿ, ಡೇಟಾ ರಿಕವರಿ ತಜ್ಞರಿಗೆ ಕೊಡಿ. ತಿರುಗಿದರೆ ಮೊದಲು ಫೈಲ್‌ಗಳನ್ನು ಕಾಪಿ ಮಾಡಿ, ಮಿಕ್ಕದ್ದೆಲ್ಲ ಆಮೇಲೆ.