ಕ್ಯಾಸೆಟ್ಟಿನಿಂದ ತಟ್ಟೆಗೆ

ಎಡಕ್ಕೆ ಕ್ಯಾಸೆಟ್ ನುಂಗುವ ಬಾಯಿ, ಬಲಕ್ಕೆ ಡಿಸ್ಕ್ ಇಡುವ ತಟ್ಟೆ, ಜೊತೆಗೆ ‘ಡಬ್ಬಿಂಗ್’ ಎಂದು ಬರೆದ ಒಂದು ಗುಂಡಿ. 2000ದ ದಶಕದ ಮಧ್ಯಭಾಗದಲ್ಲಿ ಅಂಗಡಿಗಳಿಗೆ ಬಂದ ಕಾಂಬೊ ರೆಕಾರ್ಡರುಗಳ ಮುಖಚಹರೆ ಹೆಚ್ಚುಕಡಿಮೆ ಇಷ್ಟೇ. ಕ್ಯಾಸೆಟ್ ತುರುಕಿ, ಖಾಲಿ ಡಿವಿಡಿ ಇಟ್ಟು ಗುಂಡಿ ಒತ್ತಿದರೆ ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವಗಳೆಲ್ಲ ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಬಂದುಬಿಡುತ್ತವೆ ಎಂಬುದು ಜಾಹೀರಾತಿನ ಭರವಸೆ. ಅದು ಸುಳ್ಳೇನಲ್ಲ. ಆದರೆ ಮೂರು ಗಂಟೆಯ ಕ್ಯಾಸೆಟ್ಟಿಗೆ ಪೂರ್ತಿ ಮೂರು ಗಂಟೆ ಕಾಯಬೇಕಿತ್ತು. ಸಾವಿರ ಫೋಟೊಗಳನ್ನು ನಿಮಿಷಗಳಲ್ಲಿ ದಾಟಿಸುವ ಇಂದಿನವರಿಗೆ ಇದು ವಿಚಿತ್ರವೆನಿಸೀತು. ಕ್ಯಾಸೆಟ್ಟಿನಲ್ಲಿ ಇರುವುದು ಫೈಲಲ್ಲ. ಓಡಿದಾಗ ಮಾತ್ರ ಚಿತ್ರವಾಗುವ ಕಾಂತೀಯ ಗುರುತುಗಳು.

ವಿಡಿಯೊ ಟೇಪು ಹುಟ್ಟಿದ್ದು ಮನೆಗಾಗಿ ಅಲ್ಲ. ಅಮೆರಿಕದ ಪೂರ್ವ ಮತ್ತು ಪಶ್ಚಿಮ ಕರಾವಳಿಗಳ ನಡುವೆ ಮೂರು ಗಂಟೆಯ ಅಂತರ. ನ್ಯೂಯಾರ್ಕಿನ ಸಂಜೆಯ ವಾರ್ತೆಯನ್ನು ಲಾಸ್ ಏಂಜಲೀಸ್‌ನಲ್ಲೂ ಸಂಜೆಯೇ ತೋರಿಸಬೇಕೆಂದರೆ ಅದನ್ನು ಎಲ್ಲಾದರೂ ಹಿಡಿದಿಡಬೇಕಿತ್ತು. 1956ರಲ್ಲಿ ಆಂಪೆಕ್ಸ್ ಕಂಪನಿ ಆ ದಾರಿ ತೋರಿಸಿತು. ಚಾರ್ಲ್ಸ್ ಗಿನ್ಸ್‌ಬರ್ಗ್ ನೇತೃತ್ವದ ತಂಡ ಕಟ್ಟಿದ ಯಂತ್ರಕ್ಕೆ ಎರಡು ಇಂಚು ಅಗಲದ ಟೇಪು ಬೇಕಿತ್ತು. ಬೆಲೆ ಟಿವಿ ಕೇಂದ್ರಗಳಿಗೆ ಮಾತ್ರ ಎಟುಕುವಂಥದ್ದು. ಆ ತಂಡದಲ್ಲಿದ್ದ ರೇ ಡಾಲ್ಬಿ ಎಂಬ ಯುವಕನ ಹೆಸರು ಮುಂದೆ ಸಿನಿಮಾ ಥಿಯೇಟರುಗಳ ಧ್ವನಿಗೆ ಅಂಟಿಕೊಂಡಿತು. ಅದೇ ವರ್ಷ ನವೆಂಬರ್ 30ರಂದು ಸಿಬಿಎಸ್ ತನ್ನ ವಾರ್ತೆಯನ್ನು ಟೇಪಿನಿಂದ ಮರುಪ್ರಸಾರ ಮಾಡಿತು.

ಇಂಥ ಯಂತ್ರ ಟಿವಿಯ ಕೆಳಗಿನ ಷೆಲ್ಫಿಗೆ ಬರಲು ಇನ್ನೂ ಎರಡು ದಶಕ ಹಿಡಿಯಿತು. 1975ರಲ್ಲಿ ಸೋನಿ ಬೀಟಾಮ್ಯಾಕ್ಸ್ ತಂದಿತು. ಮರುವರ್ಷ ಜೆವಿಸಿಯ ಶಿಜುವೊ ತಕಾನೊ ಮತ್ತು ಯುಮಾ ಶಿರಾಯಿಶಿ ಅವರ ತಂಡ ವಿಎಚ್‌ಎಸ್ ತಂದಿತು. ಬೀಟಾದ ಮೊದಲ ಕ್ಯಾಸೆಟ್ಟುಗಳು ಒಂದು ಗಂಟೆಗೆ ಮುಗಿಯುತ್ತಿದ್ದವು, ವಿಎಚ್‌ಎಸ್ ಎರಡು ಗಂಟೆ ಓಡುತ್ತಿತ್ತು. ಚಿತ್ರ ಬೀಟಾದ್ದೇ ಚೆಂದ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಇರಲಿ, ಆದರೆ ಮಧ್ಯಂತರಕ್ಕೆ ಮುಗಿಯುವ ಕ್ಯಾಸೆಟ್ಟನ್ನು ಕಟ್ಟಿಕೊಂಡು ಸಿನಿಮಾ ಪ್ರಿಯರು ಮಾಡುವುದೇನು?

ವಿಎಚ್‌ಎಸ್‌ನ ಜಾಣತನವೆಲ್ಲ ಒಂದು ಪುಟ್ಟ ಡ್ರಮ್ಮಿನಲ್ಲಿದೆ. ಅರ್ಧ ಇಂಚು ಅಗಲದ ಟೇಪು ನಮ್ಮ ಟಿವಿಗಳ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ ಬರೀ 23.39 ಮಿಲಿಮೀಟರ್ ಸರಿಯುತ್ತದೆ. ಅಷ್ಟು ನಿಧಾನಕ್ಕೆ ಚಿತ್ರ ಹಿಡಿಯಲಾಗದು. ಅದಕ್ಕಾಗಿ 62 ಮಿಲಿಮೀಟರ್ ವ್ಯಾಸದ ಡ್ರಮ್ಮನ್ನು ಓರೆಯಾಗಿ ಕೂರಿಸಿ, ಸೆಕೆಂಡಿಗೆ 25 ಸುತ್ತು ತಿರುಗಿಸುತ್ತಾರೆ. ಅದರಲ್ಲಿರುವ ಹೆಡ್ಡುಗಳು ಟೇಪಿನ ಮೇಲೆ ಓರೆಗೆರೆಗಳನ್ನು ಗೀಚುತ್ತಾ ಹೋಗುತ್ತವೆ. ಲೆಕ್ಕ ಹಾಕಿದರೆ ಹೆಡ್ಡು ಸೆಕೆಂಡಿಗೆ ಸುಮಾರು 4.8 ಮೀಟರ್ ಓಡಿದಂತಾಯಿತು. ಒಂದೊಂದು ಗೆರೆಯ ಅಗಲ ಸುಮಾರು 49 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಬೇರೊಂದು ವಿಸಿಆರ್‌ನಲ್ಲಿ ರೆಕಾರ್ಡಾದ ಕ್ಯಾಸೆಟ್ ಹಾಕಿದಾಗ ಪರದೆಯ ಕೆಳಗೆ ಬಿಳಿ ಪಟ್ಟಿ ಕುಣಿಯುತ್ತಿದ್ದುದು, ಮನೆಯ ಹಿರಿಯರು ‘ಟ್ರ್ಯಾಕಿಂಗ್’ ತಿರುವುತ್ತಾ ಕೂರುತ್ತಿದ್ದುದು ಈ ಸಣ್ಣ ಗೆರೆಗಳನ್ನು ಹುಡುಕುವ ಪರದಾಟವೇ.

ಭಾರತಕ್ಕೆ ಬಣ್ಣದ ಟಿವಿ ಬಂದದ್ದು 1982ರಲ್ಲಿ, ದೆಹಲಿ ಏಷ್ಯನ್ ಕ್ರೀಡಾಕೂಟದ ವರ್ಷ. ವಿಸಿಆರ್ ಅದರ ಬೆನ್ನಿಗೇ ಹಬ್ಬಿತು. ಸ್ವಂತಕ್ಕೆ ಕೊಳ್ಳುವ ಶಕ್ತಿ ಇದ್ದವರು ಕಡಿಮೆ. ಒಂದು ರಾತ್ರಿಗೆ ಟಿವಿ, ಕ್ಯಾಸೆಟ್ ಓಡಿಸುವ ವಿಸಿಪಿ ಮತ್ತು ಮೂರು ಸಿನಿಮಾ ಕ್ಯಾಸೆಟ್ ಬಾಡಿಗೆಗೆ ತಂದು, ನೆರೆಹೊರೆಯವರೆಲ್ಲ ಬೆಳಗಿನ ಜಾವದವರೆಗೆ ಕೂತು ನೋಡಿದ ನೆನಪು ಆ ಕಾಲದ ಸಣ್ಣ ಊರುಗಳಲ್ಲಿ ಬೆಳೆದ ಬಹುತೇಕರಿಗಿದೆ. ಬಾಡಿಗೆಯ ಸಿನಿಮಾ ಮರುದಿನ ಲೈಬ್ರರಿಗೆ ವಾಪಸಾಗುತ್ತಿತ್ತು. ಮನೆಯಲ್ಲಿ ಉಳಿದದ್ದು ಮದುವೆ ಕ್ಯಾಸೆಟ್.

ಹೆಗಲ ಮೇಲೆ ಭಾರದ ಕ್ಯಾಮೆರಾ ಹೊತ್ತವನೊಬ್ಬ, ಕಣ್ಣು ಕುಕ್ಕುವ ಹ್ಯಾಲೊಜನ್ ದೀಪ ಎತ್ತಿ ಹಿಡಿದ ಹುಡುಗನೊಬ್ಬ, ಅವನ ಹಿಂದೆ ಊಟದ ಹಾಲ್‌ವರೆಗೂ ಎಳೆದ ವೈರು. ಧಾರೆಯ ಹೊತ್ತಿಗೆ ಹುಡುಗಿಯ ಅಪ್ಪನ ಮುಖಕ್ಕಿಂತ ವಿಡಿಯೊದವನ ಬೆನ್ನೇ ಅತಿಥಿಗಳಿಗೆ ಹೆಚ್ಚು ಕಂಡದ್ದು. ಸ್ಟುಡಿಯೊದವರು ಒಂದು ವಿಸಿಆರ್‌ನಿಂದ ಇನ್ನೊಂದಕ್ಕೆ ಹಾಯಿಸಿ ಎಡಿಟ್ ಮಾಡಿ, ಹೃದಯದಾಕಾರದ ಚೌಕಟ್ಟು ಕೂರಿಸಿ, ಮಂತ್ರ ವಾಲಗಗಳ ಮೇಲೆ ಸಿನಿಮಾ ಹಾಡು ಹಚ್ಚಿ ಕೊಡುತ್ತಿದ್ದರು. ಹೀಗಾಗಿ ಮನೆಗೆ ಬರುತ್ತಿದ್ದದ್ದು ಬಹಳ ಸಲ ಮೂಲವಲ್ಲ, ನಕಲು. ಅನಲಾಗ್ ನಕಲಿನಲ್ಲಿ ಪ್ರತಿ ಸಲವೂ ಬಣ್ಣ ಕದಡುತ್ತದೆ, ಅಂಚು ಮಸುಕಾಗುತ್ತದೆ. ಅಂಥ ಕ್ಯಾಸೆಟ್ಟುಗಳು ಮಲೆನಾಡು ಮತ್ತು ಕರಾವಳಿಯ ಮಳೆಗಾಲಗಳನ್ನು ಬೀರುವಿನೊಳಗೆ ಕಳೆದವು. ತೇವಕ್ಕೆ ಟೇಪಿನ ಅಂಟುಪದರ ಸಡಿಲವಾಗುತ್ತದೆ, ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಹತ್ತುತ್ತದೆ. ಬೂಷ್ಟು ಹಿಡಿದ ಟೇಪನ್ನು ಹಾಗೇ ಓಡಿಸಿದರೆ ಹೆಡ್ಡೂ ಕೆಡುತ್ತದೆ. ಆ ಯಂತ್ರಕ್ಕೆ ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಸೋಂಕು ತಗಲುತ್ತದೆ.

ಇತ್ತ ಡಿವಿಡಿ 1996ರ ಕೊನೆಗೆ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಅದರ ಪ್ಲೇಯರು ಓದಬಲ್ಲದಾಗಿತ್ತು, ಬರೆಯಲಾರದಾಗಿತ್ತು. ಮನೆಯಲ್ಲೇ ಬರೆಯುವ ಮೊದಲ ಡಿವಿಡಿ ರೆಕಾರ್ಡರನ್ನು ಪಯೊನೀರ್ ಕಂಪನಿ 1999ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿತು. ಮರುವರ್ಷ ಪ್ಯಾನಸೋನಿಕ್ ಬೇರೊಂದು ಜಾತಿಯ ಡಿಸ್ಕಿನೊಂದಿಗೆ ಬಂತು, ಅದರ ಮರುವರ್ಷ ಫಿಲಿಪ್ಸ್ ಮತ್ತೊಂದು ಜಾತಿಯದರೊಂದಿಗೆ. ಮೈನಸ್, ಪ್ಲಸ್, ರ‍್ಯಾಮ್ ಎಂಬ ಈ ಮೂರು ಪಂಗಡಗಳ ಜಗಳದಲ್ಲಿ ಬಡವಾದವನು ಗಿರಾಕಿ. ಒಬ್ಬರ ಡಿಸ್ಕು ಇನ್ನೊಬ್ಬರ ಯಂತ್ರಕ್ಕೆ ಹಿಡಿಸುತ್ತಿರಲಿಲ್ಲ. ಕೊನೆಗೆ ಬೆಲೆ ಇಳಿದು, ಯಂತ್ರಗಳು ಹಲವು ಬಗೆಯ ಡಿಸ್ಕುಗಳನ್ನು ಒಪ್ಪಿಕೊಳ್ಳತೊಡಗಿದ ಮೇಲೆ ಎಲ್‌ಜಿ, ಸ್ಯಾಮ್ಸಂಗ್, ಪ್ಯಾನಸೋನಿಕ್, ಜೆವಿಸಿಗಳೆಲ್ಲ ಕ್ಯಾಸೆಟ್ಟನ್ನೂ ಡಿಸ್ಕನ್ನೂ ಒಂದೇ ಡಬ್ಬಿಗೆ ಸೇರಿಸಿದವು.

ಸೇರಿಸಿದ್ದೇನೋ ಸರಿ, ಹೊಂದಾಣಿಕೆ ಸುಲಭವಾಗಿರಲಿಲ್ಲ. ಟೇಪು ಹಿಗ್ಗುತ್ತದೆ, ಕುಗ್ಗುತ್ತದೆ, ಡ್ರಮ್ಮಿನ ವೇಗ ಕೂದಲೆಳೆಯಷ್ಟು ಆಚೀಚೆಯಾಗುತ್ತದೆ. ಹಾಗಾಗಿ ಚಿತ್ರದ ಒಂದೊಂದು ಗೆರೆ ಒಂದೊಂದು ಗಳಿಗೆಗೆ ಶುರುವಾಗುತ್ತದೆ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿ, ಹಾಡುವವರು ತಾಳ ಜಾರಿದರೂ ಸಾವರಿಸಿಕೊಂಡು ನುಡಿಸುವ ಅನುಭವಿ ಮೃದಂಗ ವಾದಕನಂತೆ, ಅದನ್ನೆಲ್ಲ ಸಹಿಸಿ ಹಿಂಬಾಲಿಸುತ್ತಿತ್ತು. ಡಿಜಿಟಲ್ ರೆಕಾರ್ಡರಿಗೆ ಆ ಸಹನೆ ಇಲ್ಲ. ಅದಕ್ಕೆ 720 ಚುಕ್ಕಿಗಳ 576 ಗೆರೆಗಳು, ಪ್ರತಿಯೊಂದೂ ಹೇಳಿದ ಹೊತ್ತಿಗೆ ಸರಿಯಾಗಿ ಬರಬೇಕು. ಬಾರದಿದ್ದರೆ ಕಂಬಗಳು ಬಳುಕುತ್ತವೆ, ಫ್ರೇಮುಗಳು ಬಿದ್ದುಹೋಗುತ್ತವೆ, ಮಾತು ತುಟಿಗಿಂತ ಹಿಂದೆ ಬೀಳುತ್ತದೆ. ಗೆರೆಗಳನ್ನು ಒಂದು ಕ್ಷಣ ಸ್ಮರಣೆಯಲ್ಲಿಟ್ಟು ಸಾಲಾಗಿ ನಿಲ್ಲಿಸಿ ಮುಂದೆ ಕಳಿಸುವ ಉಪಕರಣಕ್ಕೆ ಟೈಮ್ ಬೇಸ್ ಕರೆಕ್ಟರ್ ಎನ್ನುತ್ತಾರೆ. ಟಿವಿ ಕೇಂದ್ರಗಳಲ್ಲಿ ಅದು ದುಬಾರಿ ಪೆಟ್ಟಿಗೆ. ಕೆಲವು ಮನೆ ರೆಕಾರ್ಡರುಗಳ ಒಳಗೆ ಅದರ ಚಿಕ್ಕ ರೂಪ ಅಡಗಿತ್ತು. ಒಳ್ಳೆಯ ರೆಕಾರ್ಡರನ್ನೂ ಕೆಟ್ಟದ್ದನ್ನೂ ಬೇರ್ಪಡಿಸುತ್ತಿದ್ದ ಮುಖ್ಯ ಗುಣ ಇದೇ. ಜಾಹೀರಾತಿನಲ್ಲಿ ಮಾತ್ರ ಇದರ ಸುದ್ದಿ ಅಷ್ಟಾಗಿ ಇರುತ್ತಿರಲಿಲ್ಲ.

ಇನ್ನೊಂದು ಪೇಚು ಸಿನಿಮಾ ಕಂಪನಿಗಳಿಂದ ಬಂದದ್ದು. ಮನೆಯಲ್ಲಿ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಳ್ಳುವುದು ಕಳ್ಳತನವೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ, 1984ರ ಜನವರಿಯಲ್ಲಿ 5-4ರ ಬಹುಮತದಿಂದ ಬೀಟಾಮ್ಯಾಕ್ಸ್‌ನ ಸೋನಿ ಗೆದ್ದಿತು. ಕೋರ್ಟಿನಲ್ಲಿ ಸೋತ ಸ್ಟುಡಿಯೊಗಳು ತಂತ್ರಜ್ಞಾನದ ಮೊರೆ ಹೊಕ್ಕವು. ಮ್ಯಾಕ್ರೊವಿಷನ್ ಎಂಬ ವ್ಯವಸ್ಥೆ ಸಿನಿಮಾ ಕ್ಯಾಸೆಟ್ಟಿನ ಚಿತ್ರದಲ್ಲಿ ಪರದೆಗೆ ಕಾಣದ ಗೆರೆಗಳಲ್ಲಿ ಸುಳ್ಳು ಮಿಡಿತಗಳನ್ನು ಸೇರಿಸಿತು. ನಕಲು ಮಾಡಹೋದ ವಿಸಿಆರ್ ಗಲಿಬಿಲಿಗೊಂಡು ಚಿತ್ರ ಕತ್ತಲೆ ಬೆಳಕಿನ ನಡುವೆ ತೂಗುತ್ತಿತ್ತು. ಡಿವಿಡಿ ರೆಕಾರ್ಡರುಗಳಂತೂ ಆ ಮಿಡಿತ ಕಂಡೊಡನೆ ‘ನಕಲು ಮಾಡುವಂತಿಲ್ಲ’ ಎಂದು ನಿಂತುಬಿಡುತ್ತಿದ್ದವು. ತಮಾಷೆಯೆಂದರೆ, ಸವೆದುಹೋದ ಮನೆ ಕ್ಯಾಸೆಟ್ಟಿನ ಗದ್ದಲವೂ ಕೆಲವೊಮ್ಮೆ ಅವಕ್ಕೆ ಮ್ಯಾಕ್ರೊವಿಷನ್ ಆಗಿ ಕಾಣುತ್ತಿತ್ತು. ಸ್ವಂತ ಮಗುವಿನ ನಾಮಕರಣವನ್ನು ನಕಲು ಮಾಡಲು ಯಂತ್ರ ಅನುಮತಿ ನಿರಾಕರಿಸಿದ ಪ್ರಸಂಗಗಳು ಹೀಗೆ ಹುಟ್ಟಿದವು.

ಯಂತ್ರದ ಕಣ್ತಪ್ಪಿನಿಂದ ಆದ ನಷ್ಟಕ್ಕಿಂತ ನಮ್ಮ ಜಿಪುಣತನದಿಂದ ಆದ ನಷ್ಟ ದೊಡ್ಡದು. 4.7 ಗಿಗಾಬೈಟಿನ ಡಿಸ್ಕಿನಲ್ಲಿ ಎಕ್ಸ್‌ಪಿ ಎಂಬ ಮೇಲ್ದರ್ಜೆಯ ಗುಣಮಟ್ಟ ಆಯ್ದರೆ ಒಂದು ಗಂಟೆ, ಎಸ್‌ಪಿಗೆ ಎರಡು, ಎಲ್‌ಪಿಗೆ ನಾಲ್ಕು, ಇಪಿಗೆ ಆರು ಅಥವಾ ಎಂಟು. ಮೂರು ಗಂಟೆಯ ಮದುವೆಯನ್ನು ಒಂದೇ ಡಿಸ್ಕಿಗೆ ತುಂಬುವ ಆಸೆ ಯಾರಿಗಿಲ್ಲ? ಆದರೆ ಡಿವಿಡಿಯ ಎಂಪೆಗ್-2 ಸಂಕೋಚನ, ಹಿಂದಿನ ಫ್ರೇಮಿಗೂ ಮುಂದಿನದಕ್ಕೂ ಆದ ವ್ಯತ್ಯಾಸವನ್ನೇ ಹೆಚ್ಚಾಗಿ ಬರೆದು ಜಾಗ ಉಳಿಸುವ ವಿದ್ಯೆ. ವಿಎಚ್‌ಎಸ್‌ನ ‘ಗ್ರೇನ್ಸ್’, ಅಂದರೆ ಚುಕ್ಕಿಚುಕ್ಕಿಯ ಗದ್ದಲ, ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತಲೇ ಇರುತ್ತದೆ. ಎನ್‌ಕೋಡರು ಆ ಗದ್ದಲವನ್ನೇ ನಿಷ್ಠೆಯಿಂದ ಬರೆಯಲು ಹೋಗಿ ಮುಖಗಳಿಗೆ ಬಿಟ್ ಉಳಿಸುವುದಿಲ್ಲ. ಪರಿಣಾಮ, ರೇಷ್ಮೆ ಸೀರೆಯ ಜರಿ ಚೌಕಚೌಕವಾಗಿ ಒಡೆಯುತ್ತದೆ. ಟೇಪಿನಲ್ಲಿ ಇನ್ನೂ ಇದ್ದ ಚಿತ್ರ ತಟ್ಟೆಗೆ ಬರುವಾಗ ಕಳೆದುಹೋಯಿತು, ಅದೂ ಶಾಶ್ವತವಾಗಿ.

ಬರೆದು ಮುಗಿದ ಮೇಲೆ ಡಿಸ್ಕನ್ನು ‘ಫೈನಲೈಜ್’ ಮಾಡಬೇಕಿತ್ತು. ಮಾಡದಿದ್ದರೆ ಅದು ಬರೆದ ಯಂತ್ರದಲ್ಲೇ ಓಡುತ್ತದೆ, ಬೇರೆಡೆ ಸಾಮಾನ್ಯವಾಗಿ ಖಾಲಿ ಎನ್ನುತ್ತದೆ. ಮರೆತವರ ರೆಕಾರ್ಡರು ಕೆಟ್ಟ ದಿನ ಅವರ ಡಿಸ್ಕುಗಳೂ ಅನಾಥವಾದವು.

ನಮ್ಮಲ್ಲಿ ಆ ಖಾಲಿ ಡಿಸ್ಕುಗಳ ಮೇಲೆ ಹೆಚ್ಚಾಗಿ ಕಾಣುತ್ತಿದ್ದ ಹೆಸರು ಮೋಸರ್ ಬೇರ್. 1983ರಲ್ಲಿ ಸ್ವಿಸ್ ಮತ್ತು ಜಪಾನಿ ಸಹಯೋಗದಲ್ಲಿ, ಹಾಜರಿ ಸಮಯ ದಾಖಲಿಸುವ ಯಂತ್ರಗಳಿಗಾಗಿ ಶುರುವಾದ ಈ ಭಾರತೀಯ ಕಂಪನಿ ಬರೆಯಬಲ್ಲ ಡಿಸ್ಕುಗಳ ತಯಾರಿಕೆಯಲ್ಲಿ ಜಗತ್ತಿನ ಮುಂಚೂಣಿಗೆ ಏರಿತು. ಸಿನಿಮಾಗಳನ್ನು 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಎಂದು ಮಾರಿ ಕಳ್ಳಪ್ರತಿಗಳವರಿಗೇ ಸವಾಲೆಸೆಯಿತು. 2018ರಲ್ಲಿ ಅದು ದಿವಾಳಿಯಾಗಿ ಮುಚ್ಚಿತು. ಒಮ್ಮೆ ಮಾತ್ರ ಬರೆಯುವ ಡಿಸ್ಕಿನ ಜೀವ ಇರುವುದು ಸಾವಯವ ಬಣ್ಣದ ತೆಳುಪದರದಲ್ಲಿ. ಲೇಸರ್ ಅದನ್ನು ಸುಟ್ಟು ಗುರುತು ಮೂಡಿಸುತ್ತದೆ. ಬಿಸಿಲು, ಸೆಕೆ, ಮೇಲೆ ಅಂಟಿಸಿದ ಲೇಬಲ್ಲು ಇವೆಲ್ಲ ಆ ಪದರದ ವೈರಿಗಳು. ಟೇಪು ನಿಧಾನವಾಗಿ ಮಸುಕಾಗುತ್ತದೆ, ಗ್ರೇನ್ಸ್ ನಡುವೆಯೂ ಅಜ್ಜಿಯ ಮುಖ ಗುರುತು ಸಿಗುತ್ತದೆ. ಡಿಸ್ಕು ಮಿತಿ ದಾಟಿದರೆ ಏನೂ ತೋರಿಸದೆ ಹೊರಗೆ ಬರುತ್ತದೆ.

ಅಮೆರಿಕಕ್ಕೆ ಹೋದ ಕನ್ನಡಿಗರಿಗೆ ಇದಕ್ಕೂ ಮುಂಚಿನದೊಂದು ತೊಡಕಿತ್ತು. ಬೆಂಗಳೂರಿನಿಂದ ಬಂದ ತಂಗಿಯ ಮದುವೆ ಕ್ಯಾಸೆಟ್ 625 ಗೆರೆ, ಸೆಕೆಂಡಿಗೆ 25 ಫ್ರೇಮಿನ ಪಾಲ್. ಅಲ್ಲಿನ ಟಿವಿ 525 ಗೆರೆ, ಸುಮಾರು 30 ಫ್ರೇಮಿನ ಎನ್‌ಟಿಎಸ್‌ಸಿ. ಹಾಕಿದರೆ ಚಿತ್ರ ಉರುಳುತ್ತಿತ್ತು. ಸ್ಯಾಮ್ಸಂಗ್‌ನ ಎಸ್‌ವಿ-5000 ಡಬ್ಲ್ಯೂ ತರಹದ, ಪದ್ಧತಿ ಬದಲಿಸಿ ತೋರಿಸುವ ವಿಸಿಆರ್‌ಗಳಿಗೆ ಅನಿವಾಸಿಗಳಲ್ಲಿ ಬೇಡಿಕೆ ಇದ್ದದ್ದು ಇದಕ್ಕೇ. ಡಿಸ್ಕಿಗೆ ಇಳಿಸಿ ಕಳಿಸಿದರೂ ಪಾಲ್ ಪಾಲ್ ಆಗಿಯೇ ಉಳಿಯಿತು. ಅಲ್ಲಿನ ಅನೇಕ ಡಿವಿಡಿ ಪ್ಲೇಯರುಗಳು ಒಪ್ಪಲಿಲ್ಲ, ಕಂಪ್ಯೂಟರು ಮಾತ್ರ ಗೊಣಗದೆ ತೋರಿಸಿತು.

ಹಾರ್ಡ್‌ಡಿಸ್ಕ್, ಡಿಟಿಎಚ್ ಪೆಟ್ಟಿಗೆ, ಪೆನ್‌ಡ್ರೈವುಗಳು ಬಂದು ಡಿಸ್ಕ್ ರೆಕಾರ್ಡರಿನ ಕಾಲ ಸುಮಾರು ಒಂದು ದಶಕದಲ್ಲೇ ಮುಗಿಯಿತು. ವಿಎಚ್‌ಎಸ್ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಕೈಚೆಲ್ಲಿತು. ಬರೆಯುವ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಕಾಂತೀಯ ಟೇಪುಗಳನ್ನು ಡಿಜಿಟಲ್ ಮಾಡಲು 2025ರವರೆಗಷ್ಟೇ ಕಾಲಾವಕಾಶವಿದೆ ಎಂದು ಆಸ್ಟ್ರೇಲಿಯಾದ ರಾಷ್ಟ್ರೀಯ ಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು. ಟೇಪು ಅಂದು ಒಮ್ಮೆಲೇ ಸಾಯುತ್ತದೆಂದಲ್ಲ. ಓಡಿಸುವ ಯಂತ್ರ, ಬಿಡಿಭಾಗ, ಅದನ್ನು ರಿಪೇರಿ ಮಾಡಬಲ್ಲ ಕೈಗಳು ಮೂರೂ ಒಟ್ಟಿಗೆ ವಿರಳವಾಗುತ್ತವೆ ಎಂಬುದು ಅದರ ಲೆಕ್ಕ. ನೈಜ ವೇಗದಲ್ಲೇ ಓಡಿಸಬೇಕೆಂಬ ಷರತ್ತಿನ ಭಾರ ತಿಳಿಯಬೇಕಾದರೆ ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಎಂಬ ಗ್ರಂಥಪಾಲಕಿಯ ಸಂಗ್ರಹ ನೋಡಬೇಕು. 1979ರ ಸುಮಾರಿನಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಆಕೆ ಹಗಲೂ ರಾತ್ರಿ ಟಿವಿ ಸುದ್ದಿ ರೆಕಾರ್ಡ್ ಮಾಡಿದರು. ಕ್ಯಾಸೆಟ್ಟುಗಳ ಸಂಖ್ಯೆ 70,000ದ ಆಸುಪಾಸು ಎನ್ನುತ್ತಾರೆ. ಒಂದೊಂದಕ್ಕೆ ಆರು ಗಂಟೆ ಹಿಡಿದರೂ ಒಂದೇ ಯಂತ್ರದಲ್ಲಿ ಪ್ರತಿ ಮಾಡಲು ಎಡೆಬಿಡದೆ 48 ವರ್ಷ ಬೇಕು. ಇಂಟರ್ನೆಟ್ ಆರ್ಕೈವ್ ಸಂಸ್ಥೆ ಅದನ್ನು ವಹಿಸಿಕೊಂಡಿದೆ.

ಸತ್ತುಹೋದ ರೆಕಾರ್ಡರಿಗೆ ಈಗ ಬೇರೆಯದೇ ಬೇಡಿಕೆ. ಪ್ಯಾನಸೋನಿಕ್‌ನ ಡಿಎಂಆರ್-ಇಎಸ್10, ಇಎಸ್15 ಮಾದರಿಗಳನ್ನು ಹವ್ಯಾಸಿಗಳು ಹಳೇ ಸಾಮಾನಿನ ಮಾರುಕಟ್ಟೆಯಲ್ಲಿ ಹುಡುಕುತ್ತಾರೆ. ಡಿಸ್ಕ್ ಬರೆಯಲು ಅಲ್ಲ. ವಿಸಿಆರ್‌ಗೂ ಕಂಪ್ಯೂಟರಿಗೂ ನಡುವೆ ಇಟ್ಟರೆ ಅವುಗಳ ಒಳಗಿನ ಸರ್ಕೀಟು ಬಳುಕುವ ಗೆರೆಗಳನ್ನು ನೆಟ್ಟಗೆ ಮಾಡಿ ಮುಂದೆ ಬಿಡುತ್ತದೆ. ಡಿಸ್ಕ್ ಡ್ರೈವ್ ಕೆಟ್ಟಿದ್ದರೂ ಅಡ್ಡಿಯಿಲ್ಲ.

ಹದಿನೈದು ಇಪ್ಪತ್ತು ವರ್ಷದ ಹಿಂದೆ ಡಿಸ್ಕಿಗೆ ಹಾಕಿಸಿ, ಕೆಲಸ ಮುಗಿಯಿತೆಂದು ಕ್ಯಾಸೆಟ್ಟನ್ನು ಗುಜರಿಗೆ ಕೊಟ್ಟವರು ಆ ಡಿಸ್ಕನ್ನು ಈ ವಾರವೇ ಕಂಪ್ಯೂಟರಿಗೆ ಹಾಕಿ ನೋಡಲಿ. ಓಡುತ್ತಿದ್ದರೆ ಹಾರ್ಡ್‌ಡಿಸ್ಕಿಗೆ, ಇನ್ನೊಂದು ಕಡೆಗೂ ಪ್ರತಿ ಮಾಡಿಕೊಳ್ಳಲಿ. ಕ್ಯಾಸೆಟ್ಟನ್ನು ಇನ್ನೂ ಬೀರುವಿನಲ್ಲಿಟ್ಟುಕೊಂಡವರು, ಬೂಷ್ಟು ಕಂಡರೆ ಮನೆಯ ವಿಸಿಆರ್‌ಗೆ ಹಾಕದೆ ಬಲ್ಲವರ ಬಳಿ ಒಯ್ಯಲಿ. ಅಂಗಡಿಯವರು ಫೈಲು ಕೈಗಿಟ್ಟ ಮೇಲೂ ಅದನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ಕೂತು ನೋಡಿ. ಆಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ.