ಅಜ್ಜಿಯ ಪಟ್ಟಿಯಲ್ಲಿ ಯಾವ ಆಟಕ್ಕೆ ಮೊದಲ ಸ್ಥಾನ?

ಪುಟಾಣಿಗಳೇ, ಪಾರ್ಕುಗಳ ಆಟದಲ್ಲಿ ಯಾವುದು ಮೇಲು ಎಂದು ಪಟ್ಟಿ ಮಾಡುವವರು ಎತ್ತರ, ವೇಗ ನೋಡುತ್ತಾರೆ. ತುರುವೇಕೆರೆ ಸೀಮೆಯ ಅಜ್ಜಿಯಾದ ನಾನು ನೋಡುವುದು ಒಂದೇ: ಆ ಆಟದಲ್ಲಿ ಅಜ್ಜಿ-ತಾತನಿಗೂ ಪಾಲಿದೆಯೇ? ಹೊರಗೆ ನಿಂತು ನಿಮ್ಮ ಚಪ್ಪಲಿ ಕಾಯುವುದನ್ನು ಪಾಲು ಎಂದು ನಾನು ಒಪ್ಪುವುದಿಲ್ಲ!

5. ರೋಲರ್ ಕೋಸ್ಟರ್: ಬಿಡದಿ ಬಳಿ 2005ರಲ್ಲಿ ಶುರುವಾದ ವಂಡರ್‌ಲಾದಲ್ಲಿ 'ರೀಕಾಯ್ಲ್' ಇದೆ. ತಲೆಕೆಳಗಾಗಿ ಸುತ್ತಿ, ಅದೇ ಹಳಿಯ ಮೇಲೆ ಹಿಂದಕ್ಕೂ ಓಡುತ್ತದೆ. ಆ ಬಂಡಿಯಲ್ಲಿ ಎಂಜಿನ್ನೇ ಇಲ್ಲ. ಎತ್ತರಕ್ಕೆ ಎಳೆದು ಬಿಟ್ಟರೆ ಉಳಿದ ಕೆಲಸ ಭೂಮಿಯ ಸೆಳೆತದ್ದು. ನನ್ನ ಮೊಮ್ಮಗನಿಗೆ ಇದೇ ನಂಬರ್ ಒನ್. ಬಿ.ಪಿ. ಇರುವ ನನಗೆ ಬೆಂಚೇ ಗತಿ.

4. ಜೈಂಟ್ ವೀಲ್: 1893ರಲ್ಲಿ ಅಮೆರಿಕದ ಷಿಕಾಗೋ ವಸ್ತುಪ್ರದರ್ಶನಕ್ಕೆ ಜಾರ್ಜ್ ಫೆರಿಸ್ ಎಂಬ ಎಂಜಿನಿಯರ್ 264 ಅಡಿ ಎತ್ತರದ ಚಕ್ರ ನಿಲ್ಲಿಸಿದರು. 36 ಪೆಟ್ಟಿಗೆ, ಒಂದೊಂದರಲ್ಲಿ 60 ಜನ. ಗುಣಿಸಿ ನೋಡಿ, ಒಂದೇ ಸಲಕ್ಕೆ 2,160 ಮಂದಿ! ಇದರಲ್ಲಿ ನಾವು ಅಕ್ಕಪಕ್ಕ ಕೂರಬಹುದು. ಆದರೆ ಇಳಿಯುವಾಗ ನಾನು ಕಣ್ಣು ಮುಚ್ಚಿರುತ್ತೇನೆ.

3. ರಾಟೆ ತೊಟ್ಟಿಲು: ನಾನು ಚಿಕ್ಕವಳಿದ್ದಾಗ ಜಾತ್ರೆಗೆ ಬರುತ್ತಿದ್ದ ಮರದ ತೊಟ್ಟಿಲುಗಳಿಗೆ ಕರೆಂಟು ಬೇಕಿರಲಿಲ್ಲ, ಕೈಯಲ್ಲೇ ತಿರುಗಿಸುತ್ತಿದ್ದರು. ಮಗು ಹೆದರಿದರೆ ತಿರುಗಿಸುವಾತ ಮುಖ ನೋಡಿ ನಿಧಾನ ಮಾಡುತ್ತಿದ್ದ. ಯಾವ ಮಷೀನು ಮುಖ ನೋಡುತ್ತದೆ ಹೇಳಿ?

2. ಯುಗಾದಿ ಉಯ್ಯಾಲೆ: ನಮ್ಮ ತೆಂಗಿನ ನಾರಿನ ಹಗ್ಗ, ಗಟ್ಟಿ ಕೊಂಬೆ, ಒಂದು ಮಣೆ ಸಾಕು. ಒಂದು ಪರೀಕ್ಷೆ ಮಾಡಿ. ಒಂದೇ ಉಯ್ಯಾಲೆಯಲ್ಲಿ ಮೊದಲು ತಂಗಿ, ಆಮೇಲೆ ತಾತ ಕೂರಲಿ. ಮೆಲ್ಲಗೆ ತೂಗಿ, ಹತ್ತು ತೂಗಿಗೆ ಎಷ್ಟು ಸೆಕೆಂಡು ಎಂದು ಎಣಿಸಿ. ಹೆಚ್ಚುಕಡಿಮೆ ಒಂದೇ ಬರುತ್ತದೆ! ಸಮಯ ನಿರ್ಧರಿಸುವುದು ಹಗ್ಗದ ಉದ್ದ. ತೂಕಕ್ಕೆ ಅಲ್ಲಿ ಲೆಕ್ಕವಿಲ್ಲ.

1. ಹಾಳೆ ಬಂಡಿ: ರಷ್ಯಾದವರು ನೂರಾರು ವರ್ಷಗಳ ಹಿಂದೆ ಮರದ ಇಳಿಜಾರು ಕಟ್ಟಿ, ಮೇಲೆ ಮಂಜುಗಡ್ಡೆ ಕಟ್ಟಿಸಿ ಜಾರುತ್ತಿದ್ದರು. ರೋಲರ್ ಕೋಸ್ಟರಿನ ಮುತ್ತಜ್ಜ ಅದೇ. ನಮಗೆ ಮಂಜುಗಡ್ಡೆ ಇಲ್ಲದಿದ್ದರೇನು, ತೆಂಗಿನ ಸಾಲುಗಳ ನಡುವಿನ ಅಡಿಕೆ ಮರ ಹಾಳೆ ಉದುರಿಸುತ್ತದಲ್ಲ! ಒಬ್ಬರು ಹಾಳೆಯ ಮೇಲೆ ಕೂರಬೇಕು, ಇನ್ನೊಬ್ಬರು ಗರಿ ಹಿಡಿದು ಎಳೆಯಬೇಕು. ಎಳೆಯುವವರಿಲ್ಲದೆ ಈ ಆಟವೇ ಇಲ್ಲ.

ನನ್ನ ಮಕ್ಕಳನ್ನು ತೋಟದ ತುಂಬ ಎಳೆದಿದ್ದೇನೆ. ಈಗ ಮಂಡಿ ಬಿಡುವುದಿಲ್ಲ. ಹೋದ ಬೇಸಿಗೆಯಲ್ಲಿ ಮೊಮ್ಮಕ್ಕಳಿಬ್ಬರು ನನ್ನನ್ನೇ ಕೂರಿಸಿ ಎಳೆದರು. ಹತ್ತು ಹೆಜ್ಜೆ ಸಾಗುವಷ್ಟರಲ್ಲಿ ಹಾಳೆ ಹರಿಯಿತು, ನಕ್ಕು ನಕ್ಕು ಮೂವರಿಗೂ ಸುಸ್ತು. ಮೊದಲ ಸ್ಥಾನಕ್ಕೆ ಇನ್ನೇನು ಬೇಕು?

ಈಗ ಹಾಳೆಯೆಲ್ಲ ಊಟದ ತಟ್ಟೆಯಾಗಲು ಹೋಗುತ್ತಿದೆ. ಹೋಗಲಿ, ನಾಲ್ಕು ಕಾಸು ಬರುತ್ತದೆ. ಆದರೆ ಈ ರಜೆಗೆ ಎರಡು ಹಾಳೆ ಎತ್ತಿಡಲು ನಿಮ್ಮ ತಾತನಿಗೆ ಹೇಳಿ. ಎಳೆಯುವ ಸರದಿ ನಿಮ್ಮದು.